ಹಿಮದ ಹೊತ್ತಗೆಯ ಮೇಲೆ ಮೊಳೆ ಬೂಟು

ಐಸ್‌ಲ್ಯಾಂಡಿನ ಹಿಮಗುಹೆಯ ಬಾಯಲ್ಲಿ ಗೈಡ್ ಹೆಂಗಸು ನಮಗೆಲ್ಲ ಮೊಳೆ ಬೂಟು ಕಟ್ಟಿಸಿದಳು. ಗೋಡೆಯಿಂದ ನೆಲದವರೆಗೂ ಇಳಿದ ಕಪ್ಪು ಗೆರೆಗಳನ್ನು ತೋರಿಸಿ, "ಹಳೆಯ ಜ್ವಾಲಾಮುಖಿಗಳ ಬೂದಿ. ನಾವಿದನ್ನು ಪುಸ್ತಕದಂತೆ ಓದುತ್ತೇವೆ" ಎಂದಳು.

ನಾನು ಶಾಲೆಗೆ ಹೋದವಳಲ್ಲ. ಕೊಪ್ಪದ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತ ಹಳೇ ಪತ್ರಿಕೆಗಳಿಂದಲೇ ಓದು ಕಲಿತೆ. ಇವತ್ತಿಗೂ ಕಾಗದಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಪುಸ್ತಕ ಎಂದ ಮೇಲೆ ಅದನ್ನು ಮೊಳೆಯಿಂದ ತುಳಿಯುವುದೇ? ಕೂತು ಬೂಟು ಬಿಚ್ಚತೊಡಗಿದೆ.

"ಬೂಟಿಲ್ಲದೆ ಒಳಗೆ ಬಿಡುವುದಿಲ್ಲ."

"ಹಾಗಾದರೆ ನಾನು ಬರುವುದೇ ಇಲ್ಲ."

ಜೊತೆಗೆ ಬಂದಿದ್ದ ಗೆಳತಿ ಸರೋಜ ಹಣೆ ಚಚ್ಚಿಕೊಂಡಳು. "ಮಾರಾಯ್ತಿ, ಹಠ ಮಾಡಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ಕೊಪ್ಪದಲ್ಲೇ ಮಾಡ್ಬಹುದಿತ್ತಲ್ಲೆ!"

ಒಳಗಿನ ನೀಲಿ ಮಾತ್ರ ಕರೆಯುತ್ತಲೇ ಇತ್ತು. ಯಾರಿಗೂ ಸೋಲದ ನಾನು ಅದಕ್ಕೆ ಸೋತೆ. ಬೂಟು ಮತ್ತೆ ಬಿಗಿದು, ಕೈಗವಸು ಕಳಚಿ, ಹಿಮವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟೆ. ಬೆಳಕು ಗೋಡೆಯೊಳಗೇ ಹುಟ್ಟಿ ನಮ್ಮ ಮುಖಗಳನ್ನೆಲ್ಲ ನೀಲಿ ಮಾಡಿತ್ತು. ಉಸಿರು ಬಿಡಲೂ ಸಂಕೋಚವಾಯಿತು.

ತಿರುಗಿ ನೋಡಿದರೆ, ಹಿಂದಿದ್ದ ಪ್ರವಾಸಿಗಳೆಲ್ಲ ಸಾಲಾಗಿ ಕೈಗವಸು ಕಳಚಿ, ಬಗ್ಗಿ ಹಿಮ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅದೂ ಸುರಕ್ಷತೆಯ ನಿಯಮ ಎಂದುಕೊಂಡಿದ್ದರಂತೆ.