ತಾವೇ ಹಾಕಿದ ಬೀಗದ ಹೊರಗೆ ನಿಂತ ಅಕ್ಕ

ಆಸ್ಪತ್ರೆಯ ಸೇವೆ ಎಂದೊಡನೆ ವೈದ್ಯರೂ ದಾದಿಯರೂ ನೆನಪಾಗುತ್ತಾರೆಯೇ ಹೊರತು, ಒಬ್ಬ ರೋಗಿಯ ವಿವರವನ್ನು ಯಾರು ನೋಡಬಹುದು, ಯಾರು ನೋಡಬಾರದು ಎಂದು ಕಾಯುವವರು ಯಾರಿಗೂ ನೆನಪಾಗುವುದಿಲ್ಲ. ಒಂದೇ ಆಡಳಿತದ ಮೂರು ಆಸ್ಪತ್ರೆಗಳಲ್ಲಿ ಸಿಬ್ಬಂದಿಯಷ್ಟೇ ಬಳಸುವ ಇಂಟ್ರಾನೆಟ್ ತಾಣಗಳಲ್ಲಿ ಈ ಕಾವಲನ್ನು ವೃತ್ತಿಜೀವನದುದ್ದಕ್ಕೂ ನಡೆಸಿ ಈಗ ನಿವೃತ್ತರಾಗುತ್ತಿರುವ ಹಿರಿಯರನ್ನು ಎಲ್ಲರೂ ಪ್ರೀತಿಯಿಂದ ಕರೆಯುವುದು ‘ಬೀಗದಕ್ಕ’ ಎಂದು. ಮೊದಮೊದಲು ಗೇಲಿಗೆ ಇಟ್ಟ ಹೆಸರದು, ಬರಬರುತ್ತಾ ಗೌರವದ್ದಾಯಿತು.

ಅವರು ಸೇರಿದ ಕಾಲದಲ್ಲಿ ಮೂರು ತಾಣಗಳೂ ಮೂರು ದಿಕ್ಕಿಗೆ ಎಳೆಯುತ್ತಿದ್ದವು. ಹೆರಿಗೆ ಆಸ್ಪತ್ರೆಯಿಂದ ವರ್ಗವಾದ ದಾದಿಗೆ ಹೊಸ ವಾರ್ಡಿನ ಪುಟ ತೆರೆಯುತ್ತಿರಲಿಲ್ಲ. ಕೆಲಸ ಬಿಟ್ಟುಹೋದ ಗುಮಾಸ್ತನಿಗೆ ಮಾತ್ರ ಎಲ್ಲವೂ ತೆರೆಯುತ್ತಿತ್ತು. ಅಕ್ಕ ವಾರ್ಡು ವಾರ್ಡಿಗೂ ನಡೆದು, ಯಾರ ಕೆಲಸಕ್ಕೆ ಏನು ಬೇಕೆಂದು ಕೇಳಿ ತಿಳಿದು, ಯಾವ ಪುಟ ಯಾರಿಗೆ ತೆರೆಯಬೇಕೆಂದು ನಿರ್ಧರಿಸುವ, ಮೂರೂ ಕಡೆಗೆ ಹೊಂದುವ ಗುಂಪುಗಳನ್ನು ಕಟ್ಟಿದರು. ಪಾಳಿಯ ಪಟ್ಟಿ ಮೇಲ್ವಿಚಾರಕರಿಗಷ್ಟೇ ಕಾಣುತ್ತಿದ್ದ ದಿನಗಳಲ್ಲಿ, ನಾಳೆಯ ಪಾಳಿ ಯಾವುದೆಂದು ತಿಳಿಯಲು ಕಸ ಗುಡಿಸುವ ಹೆಂಗಸರು ಅವರಿವರ ಬಾಯಿ ನೋಡಬೇಕಿತ್ತು. ಕೇಳುವವರಿಲ್ಲದ ಆ ಹೆಂಗಸರಿಗಾಗಿ ಆಡಳಿತದವರ ಬೆನ್ನು ಬಿದ್ದು, ಆ ಪಟ್ಟಿ ಅವರಿಗೂ ಕಾಣುವಂತೆ ಒಂದು ಗುಂಪು ಮಾಡಿಸಿಕೊಟ್ಟವರು ಅಕ್ಕನೇ.

ಅಕ್ಕನಿಗೆ ಇದ್ದವಳು ಒಬ್ಬಳೇ ತಂಗಿ, ಅದೇ ಸಂಸ್ಥೆಯ ಮಕ್ಕಳ ವಾರ್ಡಿನಲ್ಲಿ ದಾದಿ. ಮನೆಗಳು ಬೇರೆಯಾದರೂ ಸಂಜೆಯ ಊಟ ಅಕ್ಕನ ಅಡುಗೆಮನೆಯಲ್ಲೇ.

ಒಂದು ದಿನ ಕ್ಯಾನ್ಸರ್ ವಿಭಾಗದ ವೈದ್ಯರು ಒಂದು ಕೋರಿಕೆ ಕಳುಹಿಸಿದರು. ರೋಗಿಯಾಗಿ ಬಂದಿರುವವರು ನಮ್ಮ ಸಿಬ್ಬಂದಿಯೇ. ಜೊತೆಯವರು ಕುತೂಹಲಕ್ಕೆ ಇಣುಕಬಾರದು. ಚಿಕಿತ್ಸೆ ನೀಡುವವರ ಹೊರತು ಮೂರೂ ತಾಣಗಳಲ್ಲಿ ಯಾರಿಗೂ ಆ ವಿವರ ಕಾಣಬಾರದು. ಹೆಸರಿರಲಿಲ್ಲ, ಸಂಖ್ಯೆಯೊಂದೇ ಇತ್ತು. ಅಕ್ಕ ಯಾರೆಂದು ಕೇಳಲಿಲ್ಲ. ಮುಚ್ಚಿದ ಗುಂಪೊಂದನ್ನು ಮಾಡಿ, ಬೀಗ ಬಿಗಿಯಾಗಿದೆಯೇ ಎಂದು ನೋಡಲು ತಮ್ಮದೇ ಸಾಮಾನ್ಯ ಖಾತೆಯಿಂದ ಪ್ರಯತ್ನಿಸಿದರು. ತೆರೆಯಲಿಲ್ಲ. ನೆಮ್ಮದಿಯಿಂದ ಮನೆಗೆ ನಡೆದರು. ಇಷ್ಟು ತಡವೇಕೆಂದು ತಂಗಿ ಕೇಳಿದಾಗ, ಪಾಪ, ನಮ್ಮವರೇ ಯಾರಿಗೋ ದೊಡ್ಡ ಕಾಯಿಲೆಯಂತೆ ಎಂದಷ್ಟೇ ಹೇಳಿ ಅನ್ನ ಬಡಿಸಿದರು. ತಂಗಿ ತಟ್ಟೆ ನೋಡುತ್ತಾ ಸಾರು ಕಲೆಸಿಕೊಂಡಳು.

ಕೆಲವು ತಿಂಗಳ ನಂತರ ತಂಗಿ ವಾರ್ಡಿನ ಬಾಗಿಲಲ್ಲೇ ಕುಸಿದುಬಿದ್ದಳು. ಹಾಸಿಗೆಯ ಪಕ್ಕಕ್ಕೆ ಅಕ್ಕನನ್ನು ಕರೆಸಿ ವೈದ್ಯರು ಎಲ್ಲವನ್ನೂ ಹೇಳಿದರು. ಅಂದು ಅಕ್ಕ ಬೀಗ ಹಾಕಿದ ಸಂಖ್ಯೆ ತಂಗಿಯದೇ. ಕಾಯಿಲೆ ಆಗಲೇ ಕೈಮೀರಿತ್ತು. ಅಕ್ಕನಿಗೂ ತಿಳಿಯಬಾರದೆಂದು ಕೇಳಿಕೊಂಡವಳು ತಂಗಿಯೇ.

“ನಂಗೊಂದು ಮಾತು ಹೇಳಬಾರದಿತ್ತಾ?” ಎಂದರು ಅಕ್ಕ.

“ಅಮ್ಮನ ಕೊನೇ ದಿನಗಳಲ್ಲಿ ಮಂಚದ ಪಕ್ಕ ನೀನು ಹೇಗೆ ಕೂತಿದ್ದೆ ಅಂತ ನೋಡಿದೀನಿ ಕಣೇ. ಮತ್ತೆ ಕೂರಿಸೋಕೆ ಮನಸ್ಸು ಬರಲಿಲ್ಲ,” ಎಂದಳು ತಂಗಿ. “ಬೀಗ ಹಾಕೋದು ನೀನೇ ಅಂತ ಗೊತ್ತಾದಾಗ ಧೈರ್ಯ ಬಂತು. ನೀನು ಹಾಕಿದ ಮೇಲೆ ಯಾರೂ ತೆಗೆಯಲ್ಲ.”

ಇನ್ನು ಅಕ್ಕನೂ ನೋಡಲಿ ಎಂದು ತಂಗಿ ಒಪ್ಪಿಗೆ ಕೊಟ್ಟಳು. ಆ ಗುಂಪಿಗೆ ತಮ್ಮ ಹೆಸರನ್ನು ಸೇರಿಸಿಕೊಳ್ಳುವುದು ಅಕ್ಕನಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಅವರು ಹಾಗೆ ಮಾಡದೆ, ಈ ಸಾಲುಗಳನ್ನು ಬರೆಯುತ್ತಿರುವ ಸಹೋದ್ಯೋಗಿಯ ಮೇಜಿನ ಬಳಿ ಬಂದು ಕುಳಿತು, “ನನ್ನ ಹೆಸರನ್ನ ನಾನೇ ಸೇರಿಸ್ಕೋಬಾರದು. ನೀನು ಸೇರಿಸಮ್ಮ,” ಎಂದರು. ಪುಟ ತೆರೆದಾಗ ಅವರು ಓದಿದ್ದು ಒಂದನ್ನೇ: ಆ ತಿಂಗಳುಗಳಲ್ಲಿ ತಂಗಿಗೆ ನೋವು ಎಷ್ಟಿತ್ತೆಂಬುದನ್ನು. ಓದಿ ಮುಗಿಸಿ, ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ಬಹಳ ಹೊತ್ತು ಕುಳಿತಿದ್ದರು.

ಆಮೇಲೆ ಅವರು ರಜೆ ಹಾಕಿ ಮಂಚದ ಪಕ್ಕ ಕುಳಿತರು. ತಂಗಿ ಬೇಡವೆಂದುಕೊಂಡಿದ್ದೇ ನಡೆಯಿತು. ಆದರೆ ಕೊನೆಯ ವಾರಗಳಲ್ಲಿ ಅವಳು ಅಕ್ಕನ ಕೈಯನ್ನು ಬಿಡಲೇ ಇಲ್ಲ. ತೀರಿಕೊಂಡಾಗಲೂ ಆ ಕೈ ಹಾಗೆಯೇ ಇತ್ತು.

ಅಕ್ಕ ಕೆಲಸಕ್ಕೆ ಮರಳಿದ ಮೇಲೆ ಒಂದು ಸಭೆ ನಡೆಯಿತು. ಇಲ್ಲಿಯೇ ಕೆಲಸ ಮಾಡುವ ಒಡಹುಟ್ಟಿದವರಿಗಾದರೂ ಇಂಥ ವಿವರ ಕಾಣುವಂತೆ ನಿಯಮ ಸಡಿಲಿಸೋಣವೆಂದು ಆಡಳಿತಾಧಿಕಾರಿ ಸೂಚಿಸಿದರು. ಅಕ್ಕನ ದುಃಖ ಕಂಡು ಆಡಿದ ಮಾತದು. ಎಲ್ಲರೂ ಅಕ್ಕನತ್ತ ತಿರುಗಿದರು.

“ಬೇಡ ಸರ್. ರೋಗಿ ಬೇಡ ಅಂದ್ರೆ ಬೇಡ,” ಎಂದರು ಅವರು. ಸಭೆ ಮುಗಿದ ಮೇಲೆ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಹಣೆಯಿಟ್ಟು ನಿಂತಿದ್ದ ಅಕ್ಕನನ್ನು ಕಂಡವರು ಮಾತನಾಡಿಸದೆ ಹಿಂದಿರುಗಿದರು. ನಿಯಮ ಇಂದಿಗೂ ಹಾಗೆಯೇ ಇದೆ.

ನಿವೃತ್ತರಾಗುವವರ ಕುರಿತು ಸಹೋದ್ಯೋಗಿಗಳು ಬರೆಯುವ ಈ ಸಂಪುಟದಲ್ಲಿ ದೀರ್ಘಾಯುಷ್ಯವನ್ನು ಕೋರುವುದು ವಾಡಿಕೆಯೆಂದು ತಿಳಿಸಿದಾಗ ಅಕ್ಕ, “ಆಯಸ್ಸು ಬೇಕಿದ್ದದ್ದು ಅವಳಿಗೆ, ಸಿಕ್ಕಿದ್ದು ನನಗೆ. ಹೇಗೋ ಖರ್ಚು ಮಾಡ್ತೀನಿ ಬಿಡಿ,” ಎಂದರು. ಹೊಸಬರಿಗೆ ಕೆಲಸ ಕಲಿಸಲು ಆಗಾಗ ಬರುತ್ತೇನೆಂದೂ ಒಪ್ಪಿಕೊಂಡಿದ್ದಾರೆ. ಆ ಆಯಸ್ಸು ದೊಡ್ಡದಾಗಿರಲಿ, ಅದರಲ್ಲಿ ಒಂದು ಪಾಲು ನಮ್ಮ ಮೇಜುಗಳ ನಡುವೆ ಕಳೆಯಲಿ, ಸಂಜೆಯ ಊಟಕ್ಕೆ ಅವರು ಒಬ್ಬರೇ ಕೂರದಂತೆ ನೋಡಿಕೊಳ್ಳುವ ಭಾಗ್ಯ ನಮಗಿರಲಿ.