ಮುಗಿಯುವ ಮುನ್ನ ತಟ್ಟಿದ ಚಪ್ಪಾಳೆ

ಹೊರದೇಶದ ವಾದ್ಯವೃಂದವೊಂದು ಊರಿಗೆ ಬಂದರೆ ತ್ಯಾಗರಾಜನಗರದ ನಮ್ಮ ಬೀದಿಯಲ್ಲೂ ಅದು ಸುದ್ದಿಯಾಗುತ್ತಿದ್ದ ಕಾಲ ಅದು. ತೊಂಬತ್ತರ ದಶಕದ ನಡುಭಾಗ. ನನಗೆ ಹನ್ನೆರಡಿರಬೇಕು. ಅಂಥದೊಂದು ಕಛೇರಿಗೆ ನಾವು ಹೋದ ದಿನದ ಬಗ್ಗೆ ನನ್ನ ಡೈರಿಯಲ್ಲಿರುವುದು ಒಂದೇ ಸಾಲು: ‘ಇಂಟರ್ವಲ್‌ನಲ್ಲಿ ಕೋಡುಬಳೆ ತಿಂದೆವು.’ ಉಳಿದದ್ದಕ್ಕೆ ನೆನಪನ್ನೇ ನಂಬಬೇಕು. ಅದೋ, ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ವಂದನಾ ನನ್ನ ಸೋದರತ್ತೆಯ ಮಗಳು, ನನ್ನದೇ ವಯಸ್ಸು. ಮನೆ ಮಲ್ಲೇಶ್ವರದಲ್ಲಿ. ನಾನು ಅಪ್ಪನ ಹತ್ತಿರ ಹಾಡು ಕಲಿಯುತ್ತಿದ್ದೆ. ಅವಳು ವೈಯಾಲಿಕಾವಲ್‌ನ ಟೀಚರ್ ಒಬ್ಬರ ಹತ್ತಿರ ಪಿಯಾನೋ. ಅಪ್ಪ ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಅವಳು ನುಡಿಸುವುದನ್ನು ಕೇಳಲು ಹೋಗತೊಡಗಿದರು. ಬಂದವರೇ, “ಏನ್ ಬೆರಳು ಆ ಮಗೂದು! ನೀರು ಹರಿದ ಹಾಗೆ,” ಎನ್ನುತ್ತಿದ್ದರು. ನನಗೆ ಸಿಗುತ್ತಿದ್ದದ್ದು, “ಮತ್ತೆ ಶ್ರುತಿ ಬಿಟ್ಟೆ ನೋಡು.” ನನ್ನ ಭಾನುವಾರದ ಪಾಠ ನಿಂತೇಹೋಯಿತು.

ಕಛೇರಿಯ ಪಾಸು ಸಂಪಾದಿಸಿದವಳೂ ಅವಳೇ. ಹಿಂದಿನ ದಿನ ಫೋನ್ ಮಾಡಿದಳು. ಅಪ್ಪ ಮನೆಯಲ್ಲಿರಲಿಲ್ಲ.

“ಪಿಯಾನೋದು ಮೂರು ಭಾಗ ಇರತ್ತೆ ಕಣೇ. ಮಧ್ಯ ನಿಲ್ಸಿದಾಗ ಚಪ್ಪಾಳೆ ತಟ್ಬಾರ್ದು. ಮಾವಂಗೆ ಹೇಳ್ಬಿಡು, ಮರೀಬೇಡ.”

“ಹೇಳ್ತೀನಿ ಬಿಡೇ, ದೊಡ್ಡ ಪಂಡಿತೆ.”

ಹೇಳಲಿಲ್ಲ. ಮರೆತೆನೇ? ಎಷ್ಟೋ ಸಲ ಹಾಗೆಂದು ನಂಬಲು ನೋಡಿದ್ದೇನೆ. ಆದರೆ ಬಸ್ಸಿನಲ್ಲಿ ಅಪ್ಪ, “ಅಲ್ಲಿ ರೂಲ್ಸು ಗೀಲ್ಸು ಏನಾದ್ರೂ ಇದ್ಯಾ ಪುಟ್ಟಿ?” ಎಂದು ಕೇಳಿದ್ದರು. “ಏನಿಲ್ಲಪ್ಪ” ಎಂದು ನಾನು ಕಿಟಕಿಯ ಕಡೆ ತಿರುಗಿಕೊಂಡಿದ್ದೆ. ಅವಳ ಲೋಕದಲ್ಲಿ ಅಪ್ಪನಿಗೆ ಒಮ್ಮೆ ಮುಖಭಂಗವಾದರೆ ಭಾನುವಾರಗಳು ನನಗೆ ವಾಪಸ್ಸು ಬರುತ್ತವೆ ಎಂದುಕೊಂಡಿದ್ದೆ.

ಸಭಾಂಗಣದಲ್ಲಿ ಎಸಿಯ ಚಳಿ, ಯಾರದೋ ಸೆಂಟಿನ ವಾಸನೆ. ಅಪ್ಪ ನಮ್ಮಿಬ್ಬರ ನಡುವೆ ಕೂತಿದ್ದರು. ಮೊದಲ ಭಾಗದ ಕೊನೆಯಲ್ಲಿ ಉಳಿದವರೆಲ್ಲ ಸುಮ್ಮನಾಗಿ ಪಿಯಾನೋದಾಕೆ ಒಬ್ಬಳೇ ನುಡಿಸತೊಡಗಿದಳು. “ತನಿ ಆವರ್ತನ!” ಎಂದು ಅಪ್ಪ ಪಿಸುಗುಟ್ಟಿದರು. ಮೃದಂಗದ ತನಿ ಮುಗಿದ ಕೂಡಲೇ ಚಪ್ಪಾಳೆ ತಟ್ಟದವನು ರಸಿಕನೇ ಅಲ್ಲವೆಂಬುದು ರಾಮನವಮಿ ಪೆಂಡಾಲುಗಳಲ್ಲಿ ಬೆಳೆದ ಅವರ ಮತ. ಎಲ್ಲ ವಾದ್ಯಗಳೂ ಒಟ್ಟಿಗೆ ಸೇರಿ ಮುಕ್ತಾಯ ಹಾಡಿದ್ದೇ ತಡ, “ಭೇಷ್!” ಎಂದು ಜೋರಾಗಿ ತಟ್ಟಿದರು.

ಇಡೀ ಸಭಾಂಗಣದಲ್ಲಿ ಅವರೊಬ್ಬರೇ. ಮುಂದಿನ ಸಾಲುಗಳ ತಲೆಗಳು ತಿರುಗಿದವು. ಅಪ್ಪನ ಕೈ ಗಾಳಿಯಲ್ಲೇ ನಿಂತಿತು.

ಆಗ ಆ ಕಡೆಯಿಂದ ಚಪ್ಪಾಳೆ ಕೇಳಿಸಿತು. ವಂದನಾ. ಅವಳ ಟೀಚರ್ ಎರಡು ಸಾಲು ಮುಂದಿನಿಂದ ಕಣ್ಣು ಕೆಕ್ಕರಿಸುತ್ತಿದ್ದರೂ ನಗುತ್ತಾ ತಟ್ಟುತ್ತಿದ್ದಳು. “ನಂಗೂ ತಡ್ಕೊಳಕ್ಕಾಗ್ಲಿಲ್ಲ ಮಾವ,” ಎಂದಳು. ನನ್ನೆರಡು ಕೈಗಳೂ ತೊಡೆಯ ಕೆಳಗಿದ್ದವು.

ಇಂಟರ್ವಲ್‌ನಲ್ಲಿ ಅಪ್ಪ ಡಬ್ಬಿ ತೆಗೆದು ಮೊದಲ ಕೋಡುಬಳೆ ಅವಳ ಕೈಗಿತ್ತರು. ಆಮೇಲಿನ ಸಿಂಫನಿ, ಟೀವಿಯ ವಾಚಿನ ಜಾಹೀರಾತಿನಿಂದ ನಮಗೆಲ್ಲ ಬಾಯಿಪಾಠವಾಗಿದ್ದದ್ದು. ಜನ ತಲೆದೂಗುತ್ತಿದ್ದರು. ಅಪ್ಪ ಮಾತ್ರ ಕೈ ಕಟ್ಟಿ ಕೂತು, ಎಲ್ಲರೂ ತಟ್ಟಿದ ಮೇಲೆ ಮೆಲ್ಲಗೆ ತಟ್ಟಿದರು.

ಭಾನುವಾರಗಳು ನನಗೆ ವಾಪಸ್ಸು ಬರಲಿಲ್ಲ. ಈಗ ಅಪ್ಪನೂ ಇಲ್ಲ. ಮೊನ್ನೆ ವಂದನಾ ಫೋನಿನಲ್ಲಿ, “ಪಾಪ, ಮಾವಂಗೆ ಅವತ್ತು ಎಷ್ಟು ಅವಮಾನ ಆಯ್ತು. ತಪ್ಪು ನಂದೇ ಕಣೇ, ನಿಂಗೆ ಹೇಳಕ್ಕೇ ಮರ್ತಿದ್ದೆ,” ಎಂದಳು.

“ಇರ್ಬೋದು,” ಎಂದೆ.

ಆ ಸಂಜೆಯಲ್ಲಿ ನನ್ನದೆಂದು ಉಳಿದಿದ್ದು ಆ ತಪ್ಪೊಂದೇ. ಅದನ್ನೂ ಈಗ ಅವಳೇ ಇಟ್ಟುಕೊಂಡಿದ್ದಾಳೆ.