ಬಾಯಿ ತೆರೆಯುವ ಹಡಗಿನ ಭಾವ

ನಮ್ಮ ಭಾವನ ಎಡಗೈಯ ಎರಡು ಬೆರಳು ಅರ್ಧಕ್ಕೇ ಮುಗಿದಿದ್ದವು. ಆ ಮೊಂಡು ಬೆರಳುಗಳಲ್ಲೇ ಗಡ್ಡ ಕೆರೆದುಕೊಳ್ಳುತ್ತಿದ್ದರು, ಅವುಗಳ ನಡುವೆಯೇ ಬೀಡಿ ಹಿಡಿಯುತ್ತಿದ್ದರು, ಸಿಟ್ಟು ಬಂದರೆ ಅವನ್ನೇ ಎದುರಿನವರ ಮೂಗಿನ ಮುಂದೆ ಆಡಿಸುತ್ತಿದ್ದರು. ಉಳಿದರ್ಧವನ್ನು ಹಡಗಿನ ಲಂಗರಿನ ತಂತಿಹಗ್ಗ ತಿಂದಿತ್ತು. "ಆ ಹಡಗಿಗೆ ನಾನ್ ಮಾಂಸ ತಿನ್ಸಿದ್ದೆ ಹೆಣೆ. ರುಚಿ ಕಂಡಿತ್ತ್, ಇನ್ ನನ್ನ ಬಿಡುದಿಲ್ಲೆ" ಎನ್ನುತ್ತಿದ್ದರು. ತಮಾಷೆಗೆ ಹೇಳಿದ ಮಾತು. ಕೊನೆಗೆ ಹಾಗೇ ಆಯಿತು.

ಭಾವ ಎಂದರೆ ನನ್ನ ಅಕ್ಕನ ಗಂಡ; ನನಗೆ ವಯಸ್ಸಾದರೂ ಹುಡುಗಿ ಎನ್ನುವ ಹಾಗೆ ‘ಹೆಣೆ’ ಎಂದೇ ಕರೆಯುತ್ತಿದ್ದರು. ಗಂಗೊಳ್ಳಿ ಕಡೆಯವರು. ಮೀಸೆ ಮೂಡುವ ಮೊದಲೇ ಸಮುದ್ರಕ್ಕೆ ಹೋದವರು, ವಯಸ್ಸಾದರೂ ಅಲ್ಲೇ ಇದ್ದರು. ಅವರ ಹಡಗು ಅವರಿಗಿಂತ ಹಿರಿಯದು. ಯಾವುದೋ ದೊಡ್ಡ ಯುದ್ಧದ ಕಾಲದಲ್ಲಿ ಟ್ಯಾಂಕುಗಳನ್ನು ದಡಕ್ಕೆ ಇಳಿಸಲೆಂದೇ ಕಟ್ಟಿದ್ದು. ಹೊಟ್ಟೆ ಚಪ್ಪಟೆ. ಅದು ನಿಲ್ಲಲು ಬಂದರಿನ ಕಟ್ಟೆ ಬೇಡ. ನೆಟ್ಟಗೆ ಮರಳಿಗೆ ನುಗ್ಗಿ ಮೂತಿಯ ಬಾಗಿಲು ತೆರೆದರೆ ಟ್ಯಾಂಕುಗಳು ಉರುಳಿಕೊಂಡು ಹೊರಗೆ ಹೋಗುತ್ತಿದ್ದವಂತೆ. ಯುದ್ಧ ಮುಗಿದ ಮೇಲೆ ಹಡಗು ಕೈಯಿಂದ ಕೈಗೆ ದಾಟಿತು. ಒಬ್ಬ ಆಡು ಕುರಿ ತುಂಬಿದ, ಇನ್ನೊಬ್ಬ ಸಿಮೆಂಟು. ಆಮೇಲೆ ಅಬುಧಾಬಿಯ ದ್ವೀಪಗಳಿಗೆ ಲಾರಿ, ಕಲ್ಲು, ಖರ್ಜೂರದ ಸಸಿ. ಟ್ಯಾಂಕಿಗೆ ಸರಪಳಿ ಬಿಗಿಯುವ ಕಬ್ಬಿಣದ ಬಳೆಗಳು ಒಳಗೆ ನೆಲದಲ್ಲಿ ಹಾಗೇ ಇದ್ದವು. ಕುರಿಗಳನ್ನೂ ಅವಕ್ಕೇ ಕಟ್ಟುತ್ತಿದ್ದರಂತೆ.

ಆ ಹಡಗಿನ ಒಂದು ಕ್ರಮವನ್ನು ಭಾವ ನನಗೆ ಎಷ್ಟು ಸಲ ಹೇಳಿದ್ದಾರೋ. "ನುಗ್ಗುದ್ ದೊಡ್ಡ ಸಂಗತಿ ಅಲ್ಲ. ನುಗ್ಗುಕಿಂತ ಮುಂಚೆ ಹಿಂಬದಿ ಲಂಗರ್ ನೀರಿಗೆ ಬಿಡ್ಕ್. ಕೆಲ್ಸ ಮುಗ್ದ್ ಮೇಲೆ ಆ ಹಗ್ಗ ಎಳ್ಕಂಡೇ ಹಿಂದ್ ಬಪ್ಪುದ್. ಅದ್ ಬಿಡ್ದೆ ನುಗ್ದವ ಮರಳಲ್ಲೇ ಬಾಕಿ." ಬೆರಳು ಹೋದದ್ದೂ ಆ ಹಗ್ಗದಲ್ಲೇ.

ಎಣ್ಣೆಯ ಬೆಲೆ ಬಿದ್ದ ವರ್ಷ ದ್ವೀಪಗಳ ಕೆಲಸ ನಿಂತಿತು. ಹಡಗನ್ನು ದುಬೈ ದಡದಿಂದ ದೂರ ಲಂಗರು ಹಾಕಿ ನಿಲ್ಲಿಸಿದರು. ಮಾಲೀಕ ಫೋನ್ ಎತ್ತುವುದನ್ನು ಬಿಟ್ಟ. ಉಳಿದವರನ್ನು ಒಬ್ಬೊಬ್ಬರನ್ನಾಗಿ ಊರಿಗೆ ಕಳಿಸಿದರು. ಹಡಗನ್ನು ಖಾಲಿ ಬಿಡುವ ಹಾಗಿಲ್ಲವಂತೆ, ಒಬ್ಬ ಇರಲೇಬೇಕಂತೆ. ಮಾಲೀಕನ ಏಜೆಂಟ್ ಬಂದು ಭಾವನ ಬೆನ್ನು ತಟ್ಟಿ, "ಒಂದೇ ವಾರ, ಆಮೇಲೆ ಖಲಾಸ್" ಎಂದ. ಭಾವ ಒಪ್ಪಿದರು. ಆ ವಾರ ಮುಗಿಯಲೇ ಇಲ್ಲ. ಪಾಸ್‌ಪೋರ್ಟು ಏಜೆಂಟನ ಹತ್ತಿರ. ದಡಕ್ಕೆ ಕಾಲಿಡಲು ಇವರಿಗೆ ವೀಸಾ ಇಲ್ಲ. ಮೀನು ಹಿಡಿಯುವ ದೋಣಿಯವರು ಕರುಣೆ ಬಂದಾಗ ಅಕ್ಕಿ, ನೀರು ಕೊಟ್ಟು ಹೋಗುತ್ತಿದ್ದರು.

ನಾನು ಆಗ ದುಬೈಯಲ್ಲಿ ಮಗನ ಮನೆಯಲ್ಲಿದ್ದೆ. ಸೊಸೆಯ ಬಾಣಂತನಕ್ಕೆಂದು ಬಂದವಳು, ಮಗು ನಡೆಯಲು ಕಲಿತರೂ ಹನ್ನೆರಡನೇ ಮಹಡಿಯಿಂದ ಇಳಿದಿರಲಿಲ್ಲ. ಊರಿನ ಮಾತೆತ್ತಿದರೆ ಮಗ "ಕಾಂಬ ಅಮ್ಮ" ಎಂದು ಮುಂದೂಡುತ್ತಿದ್ದ. ಆ ಬಾಲ್ಕನಿಯಿಂದ ಭಾವನ ಹಡಗು ಉಗುರಿನಷ್ಟು ಕಾಣುತ್ತಿತ್ತು. ಹಿರಿಯ ಮೊಮ್ಮಗಳ ದುರ್ಬೀನು ಹಿಡಿದರೆ ಅಂಗೈಯಷ್ಟು. ಫೋನ್ ಚಾರ್ಜು ಇಲ್ಲದ ದಿನ ಭಾವ ಕಂಬಿಗೆ ಮೈ ಒರೆಸುವ ಕೆಂಪು ಬೈರಾಸು ಕಟ್ಟುತ್ತಿದ್ದರು. ಅದು ಕಂಡರೆ ಜೀವ ಇದೆ ಎಂದು ಲೆಕ್ಕ.

ಸಂಜೆಯಾದರೂ ಹಡಗಿನಲ್ಲಿ ಒಂದು ದೀಪ ಇಲ್ಲ. ನಾನು ಫೋನಿನಲ್ಲಿ ಬಯ್ದೆ.

"ಎಂತ ಭಾವ, ಭೂತದ ಕಣಂಗೆ ಕತ್ಲಲ್ಲಿ ಕೂಕಂಡಿದ್ರಿ? ಡೀಸೆಲ್ ಇಲ್ಯಾ?"

"ಇತ್ತ್. ಸ್ವಲ್ಪ ಇತ್ತ್. ಇಟ್ಕಂಡಿದ್ದೆ."

"ಎಂತಕೆ, ಉಪ್ಪಿನ್ಕಾಯಿ ಹಾಕುಕಾ?"

ಅವರು ನಕ್ಕರು. ಸೊಸೆ ಒಳಗಿನಿಂದ, "ಅತ್ತೆ, ಮೆಲ್ಲ ಮಾತಾಡಿ, ಪಕ್ಕದ ಫ್ಲಾಟಿಗೆ ಕೇಂತ್" ಎಂದಳು. ಕೇಳಲಿ ಎಂದೆ.

ಊರಿನಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದಳು. ಗಂಡನನ್ನು ಒಮ್ಮೆ ಕಣ್ಣಾರೆ ಕಾಣಬೇಕು ಎನ್ನುವುದೊಂದೇ ಅವಳ ಜಪ. ಭಾವನಿಗೂ ಬೇರೆ ಆಸೆ ಇರಲಿಲ್ಲ. ಮಗ ಕಚೇರಿ ಕಚೇರಿ ಅಲೆದ. ಎಲ್ಲರೂ ಕೇಳುತ್ತಿದ್ದುದು ಒಂದೇ: ಹಡಗಿನಲ್ಲಿ ಇವರ ಬದಲಿಗೆ ಯಾರು? ಒಂದು ಬೆಳಿಗ್ಗೆ ಊರಿನಿಂದ ಫೋನ್ ಬಂತು. ನಾನು ಭಾವನಿಗೆ ಸುತ್ತಿ ಬಳಸಿ ಹೇಳಲಿಲ್ಲ.

"ಭಾವ, ಅಕ್ಕ ಅನ್ನ ಬಿಟ್ಟಿದ್ಲ್. ನಾನ್ ಸುಳ್ ಹೇಳುದಿಲ್ಲ. ಬಪ್ಪುದಾದ್ರೆ ಈಗಳೇ ಬರ್ಕ್."

ಭಾವ ಕೇಳಿದರು, "ಗಾಳಿ ಯಾವಾಗ್ಳಿಗಂತೆ? ಟಿ.ವಿ.ಯಲ್ ಎಂತ ಹೇಳ್ತ್ರ್?"

ಹೆಂಡತಿ ಸಾಯುತ್ತಿದ್ದಾಳೆ ಎಂದರೆ ಗಾಳಿ ಕೇಳುತ್ತಾರೆ, ತಲೆ ಕೆಟ್ಟಿತು ಎಂದುಕೊಂಡೆ. ಮಗನನ್ನು ಕೇಳಿ, ವಾಯುವ್ಯದ ಗಾಳಿ ನಾಳೆ ಬರುತ್ತದಂತೆ ಎಂದು ತಿಳಿಸಿದೆ. "ಒಳ್ಳೆದಾಯ್ತ್" ಎಂದು ಫೋನ್ ಇಟ್ಟರು.

ಮರುದಿನ ಆಕಾಶವೆಲ್ಲ ಧೂಳಿನ ಬಣ್ಣ. ಬಾಲ್ಕನಿಯ ಬಾಗಿಲು ತೆರೆಯಲು ಸೊಸೆ ಬಿಡಲಿಲ್ಲ, ಗಾಜಿಗೆ ದುರ್ಬೀನು ಒತ್ತಿ ನೋಡಿದೆ. ಬೈರಾಸು ಇರಲಿಲ್ಲ. ದುರ್ಬೀನಿನ ಗಾಜನ್ನು ಸೆರಗಿನಲ್ಲಿ ಒರೆಸಿದೆ. ಇನ್ನೊಮ್ಮೆ ನೋಡಿದಾಗ ಹಡಗಿನ ಕೊಳವೆಯಿಂದ ಹೊಗೆ ಎದ್ದಿತ್ತು. ಹಡಗಿನ ಮೂತಿ ನಮ್ಮ ಕಡೆಗೆ ತಿರುಗಿತ್ತು. ಗಾಳಿ ಹಿಂದಿನಿಂದ ನೂಕುತ್ತಿತ್ತು. ದೀಪ ಹಾಕದೆ ಉಳಿಸಿದ ಡೀಸೆಲ್ ಯಾವುದಕ್ಕೆಂದು ಆಗ ಗೊತ್ತಾಯಿತು.

"ಮಗಾ, ಕಾರ್ ತೆಗಿ. ಭಾವ ಬತ್ತಿದ್ರ್" ಎಂದೆ. ಅಂದು ನನ್ನನ್ನು ಯಾರೂ ತಡೆಯಲಿಲ್ಲ.

ನಾವು ಮುಟ್ಟುವಾಗ ಹಡಗು ಜನರಿಲ್ಲದ ಮರಳ ಬಯಲಿಗೆ ನುಗ್ಗಿ ನಿಂತಿತ್ತು. ಪೊಲೀಸರೂ ಬಂದಿದ್ದರು. ಕರ್ರ್ ಎಂದು ತುಕ್ಕು ಉದುರಿಸುತ್ತ ಅದರ ಬಾಯಿ ತೆರೆಯಿತು. ಒಳಗಿನ ಕತ್ತಲೆಯಿಂದ ಭಾವ ನಡೆದು ಬಂದರು, ಬಿಳಿ ಅಂಗಿ, ಮಡಿ ಲುಂಗಿ, ಕೈಯಲ್ಲೊಂದು ಚೀಲ, ಹೆಗಲ ಮೇಲೆ ಕೆಂಪು ಬೈರಾಸು. ಟ್ಯಾಂಕುಗಳು ಇಳಿಯುತ್ತಿದ್ದ ಹಲಗೆಯ ಮೇಲೆ ಈ ಸಣಕಲು ಮುದುಕ ಇಳಿದರು. ಲಂಗರಿನ ಸರಪಳಿ ಗಾಳಿಗೆ ತುಂಡಾಯಿತು ಎಂದು ಪೊಲೀಸರಿಗೆ ಹಿಂದಿಯಲ್ಲಿ ಹೇಳಿದರು. ನನ್ನ ಮುಖವನ್ನು ನೋಡಲಿಲ್ಲ.

ನೀರಿನಲ್ಲಿದ್ದಷ್ಟು ಕಾಲ ಹಡಗು ಯಾರಿಗೂ ಬೇಡವಾಗಿತ್ತು. ಜನ ಬಂದು ಫೋಟೋ ತೆಗೆಯುವ ದಡದಲ್ಲಿ ಬಿದ್ದ ಮೇಲೆ ಎಲ್ಲರಿಗೂ ಅವಸರ. ವಿಚಾರಣೆ ನಡೆಯಿತು, ಪಾಸ್‌ಪೋರ್ಟು ಎಲ್ಲಿಂದಲೋ ಹೊರಬಂತು, ಭಾವ ವಿಮಾನ ಹತ್ತಿದರು. ಅಕ್ಕ ಇನ್ನೂ ಇದ್ದಳು. "ಈಗ ನೆನ್ಪಾಯ್ತಾ ಮನಿ?" ಎಂದು ಬಯ್ದು, ಅವರ ಕೈಯಿಂದ ಎರಡು ಗುಟುಕು ಗಂಜಿ ಕುಡಿದಳಂತೆ. ಆ ಮಳೆಗಾಲ ಅವಳು ದಾಟಲಿಲ್ಲ.

ಭಾವ ಊರಿಗೆ ಹೋದ ವಾರವೇ ನಾನು ಮಗನ ಕಪಾಟಿನಿಂದ ನನ್ನ ಪಾಸ್‌ಪೋರ್ಟನ್ನು ಕೇಳಿ ತೆಗೆದುಕೊಂಡೆ. ಅಂದಿನಿಂದ ಅದು ನನ್ನ ತಲೆದಿಂಬಿನ ಕೆಳಗೇ ಇದೆ. ಮಗ ಬೇಸರ ಮಾಡಿಕೊಂಡ. ಮಾಡಿಕೊಳ್ಳಲಿ. ಹೋಗಬೇಕೆನಿಸಿದಾಗ ಹೋಗುತ್ತೇನೆ, ಬರಬೇಕೆನಿಸಿದರೆ ಬರುತ್ತೇನೆ. ಅಷ್ಟು ಬುದ್ಧಿ ನನಗೆ ಭಾವನಿಂದ ಬಂದದ್ದು.

ಕಳೆದ ವರ್ಷ ಭಾವನೂ ತೀರಿಕೊಂಡರು. ಅದಕ್ಕೆ ಮೊದಲು ಒಮ್ಮೆ ಊರಿಗೆ ಹೋಗಿ ಅವರ ಜಗಲಿಯಲ್ಲಿ ಕೂತಿದ್ದಾಗ ಕೇಳಿದೆ.

"ಭಾವ, ಅವತ್ ನುಗ್ಗುಕಿಂತ ಮುಂಚೆ ಹಿಂಬದಿ ಲಂಗರ್ ಬಿಟ್ಟಿದ್ರಿಯಾ?"

ಅವರು ಮೊಂಡು ಬೆರಳುಗಳಲ್ಲಿ ಗಡ್ಡ ಕೆರೆದುಕೊಂಡರು.

"ಎಂತಕೆ ಹೆಣೆ? ನಂಗೆ ವಾಪಾಸ್ ಹೋಪುಕಿತ್ತಾ?"